ಬೆಲ್ ಹೊಡೆದ ಮೇಲೂ ಉಳಿಯೋ ಪಾಠ

ಕೆಂಗಲ್‌ನಿಂದ ಮಾತಾಡ್ತಿದ್ದೀನಿ. ನಾನು ಓದಿದ್ದು ಬಿಕಾಂ. ಅಮೆರಿಕದ ಇತಿಹಾಸ ಕಲಿತದ್ದು ಸಿ-ಸ್ಪ್ಯಾನ್ ನೋಡಿ. 1979ರಲ್ಲಿ ಅಲ್ಲಿನ ಕೇಬಲ್ ಕಂಪನಿಗಳು ಸೇರಿ ಶುರುಮಾಡಿದ, ಲಾಭದ ಉದ್ದೇಶವಿಲ್ಲದ ಚಾನೆಲ್ ಅದು. 2011ರಿಂದ ವಾರಾಂತ್ಯದಲ್ಲಿ ಇತಿಹಾಸಕ್ಕೇ ಜಾಗ ಕೊಟ್ಟಿದೆ. ‘ಲೆಕ್ಚರ್ಸ್ ಇನ್ ಹಿಸ್ಟರಿ’ ಕಾರ್ಯಕ್ರಮಕ್ಕೆ ಸ್ಟುಡಿಯೋ ಬೇಕಿಲ್ಲ. ಕಾಲೇಜಿನ ನಿಜವಾದ ಕ್ಲಾಸಿಗೇ ಕ್ಯಾಮೆರಾ ಹೋಗುತ್ತೆ. ಹುಡುಗರ ಪ್ರಶ್ನೆಗಳೂ ಕೇಳಿಸುತ್ತವೆ.

ಈಗ ನಮ್ಮೂರಿಗೆ ಬನ್ನಿ. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯ 1952ರಿಂದ 1956ರವರೆಗೆ ಮುಖ್ಯಮಂತ್ರಿ ಆಗಿದ್ದವರು. ಅವರ ಬಗ್ಗೆ ನಮ್ಮ ಮೇಷ್ಟ್ರು ಸೊಗಸಾಗಿ ಪಾಠ ಮಾಡಿದ್ರು. ಬೆಲ್ ಹೊಡೀತು, ಪಾಠ ಅಲ್ಲಿಗೇ ಮುಗೀತು. ಯಾರೂ ರೆಕಾರ್ಡ್ ಮಾಡಲಿಲ್ಲ. ಮೇಷ್ಟ್ರು ಈಗಿಲ್ಲ.

ಚಾನೆಲ್ ಕಟ್ಟೋದು ನಮ್ಮ ಕೈಲಾಗದಿರಬಹುದು. ಜೇಬಲ್ಲಿ ಫೋನಂತೂ ಇದೆ. ನಿಮ್ಮ ಮೇಷ್ಟ್ರನ್ನ ಒಂದು ಮಾತು ಕೇಳಿ, ರೆಕಾರ್ಡ್ ಬಟನ್ ಒತ್ತಿ.