ದೇಹವೆಂಬ ಮನೆಯ ಶುದ್ಧಿಕಾರ್ಯ



ಯುಗಾದಿಗೋ ದೀಪಾವಳಿಗೋ ಮುನ್ನ ನಮ್ಮ ಊರಿನ ಮನೆಗಳಲ್ಲಿ ನಡೆಯುತ್ತಿದ್ದ ಶುದ್ಧಿಕಾರ್ಯ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಅಟ್ಟದ ಮೇಲಿನ ಸಾಮಾನನ್ನೆಲ್ಲ ಅಂಗಳಕ್ಕೆ ಇಳಿಸುತ್ತಿದ್ದರು. ಬೇಕಾದುದನ್ನು ಒರೆಸಿ ಮತ್ತೆ ಮೇಲೇರಿಸುತ್ತಿದ್ದರು. ಉಳಿದ ಕಸ ತಿಪ್ಪೆಗೆ ಹೋಗುತ್ತಿತ್ತು. ವರ್ಷಕ್ಕೊಮ್ಮೆ ನಡೆಯುತ್ತಿದ್ದ ಈ ಕೆಲಸವನ್ನು ನಮ್ಮ ಶರೀರ ಹಗಲಿರುಳೂ ನಡೆಸುತ್ತಿದೆ.

ಈ ವಿಷಯವನ್ನು ನಾವು ಆರಿಸಿಕೊಂಡದ್ದಕ್ಕೆ ಕಾರಣವುಂಟು. ನಾವು ನೆಲೆಸಿರುವ ಈ ಬ್ರಿಟನ್ನಿನ ಅಂಗಡಿಗಳಲ್ಲಿ ‘ಡಿಟಾಕ್ಸ್’ ಎಂಬ ಹೆಸರಿನ ಚಹಾ, ಪುಡಿ, ಮಾತ್ರೆಗಳು ಸಾಲುಗಟ್ಟಿ ನಿಂತಿವೆ. ಒಳಗೆ ಏನೋ ವಿಷ ತುಂಬಿಕೊಂಡಿದೆ, ಹಣ ಕೊಟ್ಟು ಅದನ್ನು ತೊಳೆಸಿಕೊಳ್ಳಬೇಕು ಎಂಬ ಭಾವನೆ ನಮ್ಮ ಮನೆಗಳಲ್ಲೂ ಬೇರೂರುತ್ತಿದೆ. ಶರೀರವು ತನ್ನನ್ನು ತಾನೇ ಹೇಗೆ ಶುದ್ಧಿಗೊಳಿಸಿಕೊಳ್ಳುತ್ತದೆ ಎಂಬುದನ್ನು ಅರಿತರೆ, ನಾವು ಎಚ್ಚರ ವಹಿಸಬೇಕಾದದ್ದು ಬೇರೆಲ್ಲೋ ಇದೆ ಎಂಬುದು ಮನದಟ್ಟಾಗುತ್ತದೆ.

ಒಲೆ ಉರಿದರೆ ಹೊಗೆಯೂ ಬೂದಿಯೂ ಉಂಟಾಗುವುದು ಸಹಜ. ಅಂತೆಯೇ ಜೀವಿಸುವ ಕ್ರಿಯೆಯಿಂದಲೇ ಕಶ್ಮಲ ಹುಟ್ಟುತ್ತದೆ. ಅನ್ನದ ಪಿಷ್ಟವೂ ತುಪ್ಪದ ಕೊಬ್ಬೂ ಶಕ್ತಿಯಾಗಿ ಮಾರ್ಪಟ್ಟಾಗ ಉಳಿಯುವ ಇಂಗಾಲದ ಡೈಆಕ್ಸೈಡನ್ನು ಶ್ವಾಸಕೋಶಗಳು ಪ್ರತಿ ಉಸಿರಿನಲ್ಲೂ ಹೊರಹಾಕುತ್ತವೆ. ಬೇಳೆ, ಹಾಲು, ಮಾಂಸಗಳ ಸಸಾರಜನಕ ಕರಗಿದಾಗ ಅಮೋನಿಯ ಹುಟ್ಟುತ್ತದೆ. ಇದು ಮಿದುಳಿಗೆ ವಿಷ. ಯಕೃತ್ತು ಅದನ್ನು ಅಷ್ಟೇನೂ ಅಪಾಯವಿಲ್ಲದ ಯೂರಿಯವನ್ನಾಗಿ ಪರಿವರ್ತಿಸುತ್ತದೆ. ಈ ಪರಿವರ್ತನೆಯ ಚಕ್ರವನ್ನು 1932ರಲ್ಲಿ ಜರ್ಮನಿಯಲ್ಲಿ ಕಂಡುಹಿಡಿದವರು ಹ್ಯಾನ್ಸ್ ಕ್ರೆಬ್ಸ್ ಮತ್ತು ಕುರ್ಟ್ ಹೆನ್ಸೆಲೈಟ್. ಮರುವರ್ಷವೇ ನಾಜಿ ಆಡಳಿತದಲ್ಲಿ ಕೆಲಸ ಕಳೆದುಕೊಂಡ ಕ್ರೆಬ್ಸ್ ಇಂಗ್ಲೆಂಡಿಗೆ ವಲಸೆ ಬಂದು ಇಲ್ಲಿಯೇ ನೆಲೆಸಿದರು. 1953ರಲ್ಲಿ ನೊಬೆಲ್ ಪ್ರಶಸ್ತಿಗೂ ಭಾಜನರಾದರು.

ಯಕೃತ್ತಿನ ಕಾರ್ಯ ಇಷ್ಟಕ್ಕೇ ಮುಗಿಯದು. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಅದು ಒಡೆದಾಗ ಹುಟ್ಟುವ ಹಳದಿ ವರ್ಣದ್ರವ್ಯವನ್ನು ಯಕೃತ್ತು ಪಿತ್ತರಸದೊಡನೆ ಕರುಳಿಗೆ ಸಾಗಿಸುತ್ತದೆ. ಈ ದಾರಿ ಕಟ್ಟಿಕೊಂಡರೆ ಕಣ್ಣು ಹಳದಿಯಾಗುವ ಕಾಮಾಲೆ ಕಾಣಿಸಿಕೊಳ್ಳುತ್ತದೆ. ಮದ್ಯವನ್ನೂ ಅನೇಕ ಔಷಧಿಗಳನ್ನೂ ಹೊರಹೋಗಲು ಅನುಕೂಲವಾಗುವಂತೆ ಮಾರ್ಪಡಿಸುವುದೂ ಯಕೃತ್ತೇ.

ಇನ್ನು ಮೂತ್ರಪಿಂಡಗಳು. ಮುಷ್ಟಿಗಾತ್ರದ ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳಿವೆ. ಇವೆಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ನಾವು ವಿಸರ್ಜಿಸುವ ಮೂತ್ರವಾದರೋ ಒಂದೂವರೆ ಲೀಟರಿನಷ್ಟು ಮಾತ್ರ. ಉಳಿದುದೆಲ್ಲಿ ಹೋಯಿತು? ಹಬ್ಬದ ಶುದ್ಧಿಯ ಕ್ರಮವೇ ಇಲ್ಲಿಯೂ ನಡೆಯುತ್ತದೆ. ರಕ್ತಕಣ ಮತ್ತು ಸಸಾರಜನಕಗಳನ್ನು ಬಿಟ್ಟು ಉಳಿದ ಸಾಮಾನೆಲ್ಲ ಮೊದಲು ಅಂಗಳಕ್ಕೆ ಇಳಿಯುತ್ತದೆ; ನೀರು, ಸಕ್ಕರೆ, ಲವಣಗಳು ಅಗತ್ಯವಿರುವಷ್ಟು ರಕ್ತಕ್ಕೆ ಮರಳುತ್ತವೆ; ಯೂರಿಯ ಮೊದಲಾದ ಕಸ ಹೊರಬೀಳುತ್ತದೆ. ಬೆವರಿನ ಮುಖ್ಯ ಕೆಲಸ ಮೈಯನ್ನು ತಂಪಾಗಿರಿಸುವುದು. ಬೆವರಿಳಿಸಿ ವಿಷ ಕಳೆಯುತ್ತೇವೆಂಬುದು ಬರಿಯ ಭ್ರಮೆ.

ಈ ಕಾರ್ಯದ ಬೆಲೆ ಅದು ನಿಂತಾಗಲೇ ತಿಳಿಯುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಶತ್ರುವಶವಾಗಿದ್ದ ನೆದರ್‌ಲೆಂಡ್ಸಿನಲ್ಲಿ ವಿಲೆಮ್ ಕಾಲ್ಫ್ ಎಂಬ ತರುಣ ವೈದ್ಯರು ಮಾಂಸದ ಸಾಸೇಜಿಗೆ ಬಳಸುವ ಸೆಲೋಫೇನ್ ಕೊಳವೆಯನ್ನು ಮರದ ಪಟ್ಟಿಗಳ ಉರುಳೆಗೆ ಸುತ್ತಿ, 1943ರಲ್ಲಿ ಕೃತಕ ಮೂತ್ರಪಿಂಡವನ್ನು ರೋಗಿಯೊಬ್ಬರ ಮೇಲೆ ಪ್ರಯೋಗಿಸಿದರು. ಆರಂಭದ ರೋಗಿಗಳಲ್ಲಿ ಬಹುತೇಕ ಎಲ್ಲರೂ ತೀರಿಕೊಂಡರು. ಕಾಲ್ಫ್ ಧೃತಿಗೆಡಲಿಲ್ಲ. 1945ರಲ್ಲಿ ಪ್ರಜ್ಞೆ ತಪ್ಪಿದ್ದ 67 ವರ್ಷದ ಮಹಿಳೆಯೊಬ್ಬರು ಆ ಯಂತ್ರದಿಂದ ಚೇತರಿಸಿಕೊಂಡರು. ಅಲ್ಲಿಂದ ಬೆಳೆದುಬಂದ ಇಂದಿನ ಡಯಾಲಿಸಿಸ್ ಪದ್ಧತಿಯಲ್ಲಿ ರೋಗಿ ಸಾಮಾನ್ಯವಾಗಿ ವಾರಕ್ಕೆ ಮೂರು ಬಾರಿ, ಪ್ರತಿಬಾರಿ ಸುಮಾರು ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿರಬೇಕು. ಅಷ್ಟಾದರೂ ಆ ಯಂತ್ರವು ನಿಜವಾದ ಮೂತ್ರಪಿಂಡದ ಕೆಲಸದ ಅಲ್ಪಾಂಶವನ್ನಷ್ಟೇ ಮಾಡಬಲ್ಲದು. ಯಂತ್ರಕ್ಕೇ ದುಸ್ಸಾಧ್ಯವಾದುದನ್ನು ಒಂದು ಪೊಟ್ಟಣ ಚಹಾ ಸಾಧಿಸೀತೇ?

ಕೆಲವೊಮ್ಮೆ ಶುದ್ಧಿಯ ಹೆಸರಿನ ಪಾನೀಯವೇ ಹಾನಿಯನ್ನುಂಟುಮಾಡುತ್ತದೆ. ನಮ್ಮ ಕರಾವಳಿಯ ಹಿತ್ತಲುಗಳಲ್ಲಿ ಬೆಳೆಯುವ ಬಿಂಬುಳಿ ಮತ್ತು ದಾರೆಹುಳಿಗಳಲ್ಲಿ ಆಕ್ಸಲೇಟ್ ಎಂಬ ಪದಾರ್ಥ ಹೇರಳವಾಗಿದೆ. ಸಾರಿಗೋ ಉಪ್ಪಿನಕಾಯಿಗೋ ಸ್ವಲ್ಪ ಬಳಸಿದರೆ ಆರೋಗ್ಯವಂತರಿಗೆ ಸಾಮಾನ್ಯವಾಗಿ ಬಾಧಕವಿಲ್ಲ. ಲೋಟಗಟ್ಟಲೆ ರಸ ಹಿಂಡಿ ಕುಡಿದವರಲ್ಲಿ ಆಕ್ಸಲೇಟಿನ ಹರಳುಗಳು ಕಟ್ಟಿಕೊಂಡು ಮೂತ್ರಪಿಂಡ ಸೋತ ಉದಾಹರಣೆಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಮೂತ್ರಪಿಂಡದ ತೊಂದರೆಯುಳ್ಳವರಂತೂ ದಾರೆಹುಳಿಯನ್ನು ಮುಟ್ಟಲೇಬಾರದು.

ಹಾಗಾದರೆ ನಾವು ಮಾಡಬೇಕಾದುದೇನು? ಮೂತ್ರಪಿಂಡಗಳನ್ನು ಕೆಡಿಸುವ ಎರಡು ಮುಖ್ಯ ಕಾರಣಗಳು ಸಕ್ಕರೆ ಕಾಯಿಲೆ ಮತ್ತು ರಕ್ತದ ಒತ್ತಡ. ಬ್ರಿಟನ್ನಿನಲ್ಲಿರುವ ದಕ್ಷಿಣ ಏಷ್ಯಾ ಮೂಲದವರಲ್ಲಿ ಸಕ್ಕರೆ ಕಾಯಿಲೆ ಇತರರಿಗಿಂತ ಹೆಚ್ಚು. ಮೂತ್ರಪಿಂಡದ ವೈಫಲ್ಯವೂ ಹೆಚ್ಚು. ಮೂತ್ರಪಿಂಡದ ಸಾಮರ್ಥ್ಯ ಅರ್ಧದಷ್ಟು ಕುಗ್ಗಿದರೂ ನೋವಾಗಲಿ, ಬೇರೆ ಸೂಚನೆಯಾಗಲಿ ಇಲ್ಲದಿರಬಹುದು. ಪತ್ತೆಹಚ್ಚಲು ಇರುವ ದಾರಿ ಪರೀಕ್ಷೆಯೊಂದೇ: ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್. ಸಕ್ಕರೆ ಕಾಯಿಲೆಯುಳ್ಳವರು ಈ ಎರಡನ್ನೂ ವರ್ಷಕ್ಕೊಮ್ಮೆ ಮಾಡಿಸಬೇಕು.

ಊರಿನಿಂದ ಬರುವ ತಂದೆತಾಯಿಯರ ಔಷಧಿ ಚೀಲವನ್ನೂ ಒಮ್ಮೆ ಬಿಚ್ಚಿ ನೋಡೋಣ. ಮಂಡಿನೋವಿಗೆಂದು ದಿನನಿತ್ಯ ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ವಯಸ್ಸಾದವರ ಮೂತ್ರಪಿಂಡಕ್ಕೆ ಅಪಾಯಕಾರಿ. ಅವುಗಳ ವಿಷಯವನ್ನು ವೈದ್ಯರಲ್ಲಿ ಪ್ರಸ್ತಾಪಿಸಲು ಸಂಕೋಚ ಬೇಡ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಉಪ್ಪು ಮಿತವಾಗಿರಲಿ. ಬಾಯಾರಿಕೆಗೆ ತಕ್ಕಷ್ಟು ನೀರಿರಲಿ.

ದೇಹದ ಮನೆಯನ್ನು ಗುಡಿಸುವ ಕೆಲಸಗಾರರು ಒಳಗೇ ಇದ್ದಾರೆ. ಅವರಿಗೆ ಹೊರಗಿನಿಂದ ಪೊರಕೆ ಕೊಂಡು ತರುವ ಅಗತ್ಯವಿಲ್ಲ; ಅವರು ಕ್ಷೇಮವಾಗಿರುವರೇ ಎಂದು ವರ್ಷಕ್ಕೊಮ್ಮೆ ವಿಚಾರಿಸಿದರೆ ಸಾಕು. ಮುಂದಿನ ಯುಗಾದಿಗೆ ನಾವು ಮತ್ತೆ ಸೇರುವ ಮುನ್ನ, ಪ್ರತಿ ಮನೆಯ ಹಿರಿಯರೊಬ್ಬರಾದರೂ ಈ ಪರೀಕ್ಷೆಗಳನ್ನು ಮಾಡಿಸಿಕೊಂಡಿರಲಿ ಎಂದು ಹಾರೈಸುತ್ತೇವೆ.