ಮಗು ಚಿಕ್ಕದಿರುವಾಗಲೇ ಹೊರಟರೆ

ಪರದೇಶದಲ್ಲಿ ನೆಲೆಸುವ ಯೋಚನೆಯಲ್ಲಿರುವ ಎಳೆಯ ದಂಪತಿಗಳಿಗೆ ನಮ್ಮ ಬಂಧುಬಳಗದಲ್ಲಿ ದೊರೆಯುವ ಉಪದೇಶಗಳೊಳಗೆ ಅತ್ಯಂತ ದೃಢವಾದ ಧ್ವನಿಯಲ್ಲಿ ಹೊರಡುವ, ಆದರೆ ಅತ್ಯಂತ ಕಡಮೆ ಪರಿಶೀಲನೆಗೆ ಒಳಗಾಗಿರುವ ಮಾತೊಂದಿದೆ: ಮಗು ಚಿಕ್ಕದಿರುವಾಗಲೇ ಅಮೆರಿಕೆಗೆ ಹೊರಟುಬಿಡಿ, ನಿಮ್ಮ ಪಾಡು ಹೇಗಾದರೂ ಆಗಲಿ, ಮಗು ಅಲ್ಲಿಯದೇ ಆಗಿ ಬೆಳೆಯುತ್ತದೆ, ಅದರ ಭವಿಷ್ಯವಂತೂ ಭದ್ರ. ಮದುವೆಯ ಪಂಕ್ತಿಯಲ್ಲಿ, ನಾಮಕರಣದ ಮನೆಯಲ್ಲಿ ಇದನ್ನು ಕೇಳಿ ಕೇಳಿ ನನ್ನ ಸಹನೆ ಕ್ಷೀಣಿಸಿದೆ. ಏಕೆಂದರೆ ವಸ್ತುಸ್ಥಿತಿ ಇದಕ್ಕೆ ನೇರ ವಿರುದ್ಧವಾದುದು. ಉದ್ಯೋಗದ ವೀಸಾದ ಮೇಲೆ ತೆರಳಿದ ಕುಟುಂಬದಲ್ಲಿ ಅತ್ಯಂತ ಅಭದ್ರವಾದ ಸ್ಥಾನವು, ಇಲ್ಲಿ ಹುಟ್ಟಿ ತಾಯಿಯ ಕಂಕುಳಲ್ಲಿ ವಿಮಾನವೇರಿದ ಆ ಮಗುವಿನದೇ.

ತಂದೆಗೋ ತಾಯಿಗೋ ಎಚ್-1ಬಿ ದೊರೆತಾಗ ಮಗುವಿಗೆ ಲಭಿಸುವುದು ಎಚ್-4 ಎಂಬ ಆಶ್ರಿತರ ವೀಸಾ. ಮಗುವಿಗೆ 21 ವರ್ಷ ತುಂಬಿದ ದಿನ ಆ ಆಶ್ರಯ ಕೊನೆಗೊಳ್ಳುತ್ತದೆ. ಅಷ್ಟರೊಳಗೆ ಕುಟುಂಬಕ್ಕೆ ಗ್ರೀನ್ ಕಾರ್ಡ್ ಬಾರದೆ ಹೋದರೆ, ಅಲ್ಲಿಯೇ ಅಕ್ಷರ ಕಲಿತು, ಅಲ್ಲಿಯ ಭಾಷೆಯಲ್ಲಿಯೇ ಯೋಚಿಸಿ, ಬೇರೊಂದು ಊರನ್ನು ತನ್ನದೆಂದು ಅರಿಯದೆ ಬೆಳೆದ ಆ ತರುಣನು ಹೊಸದಾಗಿ ಬಂದಿಳಿದ ವಿದೇಶೀ ವಿದ್ಯಾರ್ಥಿಯಂತೆ ಬೇರೆ ವೀಸಾ ಸಂಪಾದಿಸಬೇಕು, ಇಲ್ಲವೆ ದೇಶವನ್ನು ಬಿಡಬೇಕು. ಅದಕ್ಕೆ ಮುನ್ನವೂ ಅವನು ಬೇಸಗೆಯ ರಜೆಯಲ್ಲಿ ತನ್ನ ಸಹಪಾಠಿಗಳಂತೆ ಅಂಗಡಿಯೊಂದರಲ್ಲಿ ಸಂಬಳಕ್ಕೆ ದುಡಿಯುವಂತಿಲ್ಲ; ಕಾಲೇಜಿಗೆ ಸೇರುವಾಗ ಅಲ್ಲಿನ ಕೇಂದ್ರ ಸರ್ಕಾರದ ಧನಸಹಾಯಕ್ಕೆ ಅರ್ಹನೂ ಅಲ್ಲ.

ಎರಡು ವರ್ಷದ ಮಗುವನ್ನು ಕರೆದೊಯ್ದವರಿಗೆ ಹತ್ತೊಂಬತ್ತು ವರ್ಷಗಳ ಅವಧಿ ಸಾಲದೆ ಎಂದು ಕೇಳುವವರುಂಟು. 1990ರ ಶಾಸನವು ಉದ್ಯೋಗಾಧಾರಿತ ಗ್ರೀನ್ ಕಾರ್ಡುಗಳನ್ನು ವರ್ಷಕ್ಕೆ ಸುಮಾರು 1,40,000 ಎಂದು ನಿಗದಿಪಡಿಸಿತು. ಉದ್ಯೋಗಿಯ ಪತಿ ಅಥವಾ ಪತ್ನಿ ಮತ್ತು ಮಕ್ಕಳು ಇದೇ ಸಂಖ್ಯೆಯೊಳಗೇ ಎಣಿಕೆಯಾಗುತ್ತಾರೆ. ಯಾವ ಒಂದು ದೇಶದಲ್ಲಿ ಜನಿಸಿದವರಿಗೂ ಇದರಲ್ಲಿ ಶೇಕಡ 7ಕ್ಕಿಂತ ಹೆಚ್ಚಿನ ಪಾಲು ಸಲ್ಲಕೂಡದೆಂಬುದು ನಿಯಮ. ಈ ವಿಷಯದಲ್ಲಿ ಭಾರತಕ್ಕೂ ಐಸ್‌ಲೆಂಡಿಗೂ ಒಂದೇ ಮಿತಿ. ಅನ್ಯರು ಬಳಸದೆ ಉಳಿದ ಸಂಖ್ಯೆ ಕೆಲವೊಮ್ಮೆ ನಮ್ಮವರಿಗೆ ಒದಗುವುದುಂಟಾದರೂ ಅದರಿಂದ ಗ್ರೀನ್ ಕಾರ್ಡಿಗಾಗಿ ಕಾದಿರುವ ನಮ್ಮವರ ಸಾಲು ಕರಗಿಲ್ಲ. 2025ರ ಆರಂಭದಲ್ಲಿ, ನಮ್ಮ ಎಂಜಿನಿಯರುಗಳು ಸಾಮಾನ್ಯವಾಗಿ ಸೇರುವ ಎರಡನೆಯ ಮತ್ತು ಮೂರನೆಯ ಆದ್ಯತೆಯ ವರ್ಗಗಳಲ್ಲಿ ಸರದಿ ಬಂದಿದ್ದುದು 2012ರ ಕೊನೆಯ ವೇಳೆಗೆ ಸಾಲಿನಲ್ಲಿ ನಿಂತವರಿಗೆ. ಇಂದು ನಿಲ್ಲತಕ್ಕವರ ಮುಂದೆ ಅದಕ್ಕಿಂತ ಬಹುದೀರ್ಘವಾದ ಸಾಲು ಇದೆ. ಮಕ್ಕಳ ರಕ್ಷಣೆಗೆಂದೇ 2002ರಲ್ಲಿ ಕಾಯಿದೆಯೊಂದು ಬಂದಿತಷ್ಟೆ. ಆದರೆ ಅದು ಮಗುವಿನ ವಯಸ್ಸಿನಿಂದ ಕಳೆಯುವುದು ಉದ್ಯೋಗದಾತನ ಅರ್ಜಿಯನ್ನು ಅಧಿಕಾರಿಗಳು ಪರಿಶೀಲಿಸಿದ ಕಾಲವನ್ನು ಮಾತ್ರ. ಸಾಲಿನಲ್ಲಿ ಕಾದ ವರ್ಷಗಳೆಲ್ಲ ಮಗುವಿನ ಲೆಕ್ಕಕ್ಕೇ ಸೇರುತ್ತವೆ.

ಹೀಗಾಗಿ ಒಂದೇ ಮನೆಯ ಎರಡು ಮಕ್ಕಳಿಗೆ ಎರಡು ವಿಧಿ ಬರೆಯಲ್ಪಡುತ್ತದೆ. ಬೆಂಗಳೂರಿನಲ್ಲಿ ಹುಟ್ಟಿದ ಅಕ್ಕ ಆಶ್ರಿತೆ. ಅಲ್ಲಿ ಹುಟ್ಟಿದ ತಮ್ಮ ಅಮೆರಿಕೆಯ ಸಂವಿಧಾನದ 1868ರ ಹದಿನಾಲ್ಕನೆಯ ತಿದ್ದುಪಡಿಯ ಬಲದಿಂದ ಪೌರ. 2025ರ ಜನವರಿಯಲ್ಲಿ ಅಧ್ಯಕ್ಷರು ಹೊರಡಿಸಿದ ಆಜ್ಞೆಯೊಂದು ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಈ ಹಕ್ಕನ್ನೂ ನಿರಾಕರಿಸಲು ಹೊರಟು ನ್ಯಾಯಾಲಯಗಳಲ್ಲಿ ಪ್ರಶ್ನಿತವಾಯಿತೆಂಬುದನ್ನು ಬಲ್ಲವರು, ಪೌರತ್ವವನ್ನು ಹುಟ್ಟಿನೊಡನೆ ಬರುವ ಆಸ್ತಿಯೆಂದು ನಿಶ್ಚಿಂತರಾಗಿ ಭಾವಿಸಲಾರರು. ಆ ತಮ್ಮನಿಂದ ತಾಯಿತಂದೆಯರೂ ಅಲ್ಲಿಯವರಾಗುತ್ತಾರೆಂಬುದು ಇನ್ನೊಂದು ಜನಪ್ರಿಯ ಭ್ರಮೆ. ಅವರ ಪರವಾಗಿ ಅರ್ಜಿ ಸಲ್ಲಿಸಲು ಅವನಿಗೂ 21 ವರ್ಷ ತುಂಬಬೇಕು.

ನಮ್ಮ ಕರಾವಳಿಯವರನ್ನು ಈ ಸಂದರ್ಭದಲ್ಲಿ ಗೌರವದಿಂದ ನೆನೆಯುತ್ತೇನೆ. ಮಂಗಳೂರು, ಉಡುಪಿ, ಭಟ್ಕಳಗಳಿಂದ ಕೊಲ್ಲಿಯ ದೇಶಗಳಿಗೆ ಹೋದ ಕುಟುಂಬಗಳಿಗೆ ಅಲ್ಲಿಯ ಪೌರತ್ವ ತಮಗಾಗಲಿ ಮಕ್ಕಳಿಗಾಗಲಿ ದೊರೆಯುವುದಿಲ್ಲವೆಂಬುದು ಹೊರಡುವ ದಿನವೇ ಗೊತ್ತಿತ್ತು. ಅದನ್ನು ತಿಳಿದೇ ಅವರು ಊರಿನಲ್ಲಿ ಮನೆ ಕಟ್ಟಿದರು, ಮಕ್ಕಳ ಕಾಲೇಜಿನ ಓದಿಗೆ ಇಲ್ಲಿಯೇ ಏರ್ಪಾಡು ಮಾಡಿದರು. ಇನ್ನು ಕೆನಡದಲ್ಲಿ ಖಾಯಂ ವಾಸದ ಅರ್ಜಿ ಸಲ್ಲಿಸಿದ ದಿನ 22 ವರ್ಷಕ್ಕೆ ಕೆಳಗಿರುವ ಅವಿವಾಹಿತ ಮಗುವಿನ ವಯಸ್ಸನ್ನು ಅಲ್ಲಿಗೇ ನಿಲ್ಲಿಸಿ ಎಣಿಸುತ್ತಾರೆ. ಪರದೇಶವೆಂದರೆ ಎಲ್ಲವೂ ಒಂದೇ ಎಂಬ ನಂಬಿಕೆ ಎಷ್ಟು ಸಡಿಲವಾದುದೆಂಬುದಕ್ಕೆ ಇಷ್ಟೇ ಸಾಕು.

ಇಂತಹ ತಪ್ಪು ಹಬ್ಬಲು ಕಾರಣವೂ ಸ್ಪಷ್ಟವಾಗಿದೆ. ಉಪದೇಶ ಮಾಡುವ ಭಾವಮೈದುನನೋ ಚಿಕ್ಕಪ್ಪನೋ 1990ರ ದಶಕದಲ್ಲಿ, ಈ ಸಾಲು ಬೆಳೆಯುವ ಮುನ್ನ, ಹೋದವನು. ಅವನ ಅನುಭವ ಸತ್ಯವಾದುದೇ, ಆದರೆ ಕಾಲ ಸರಿದುಹೋಗಿದೆ. ಮೂವತ್ತು-ನಲವತ್ತರ ನಿವೇಶನವೊಂದನ್ನು ಕೊಳ್ಳುವಾಗ ಖಾತೆ, ಮೂಲಪತ್ರ, ಋಣಭಾರ ಪ್ರಮಾಣಪತ್ರಗಳನ್ನೆಲ್ಲ ತರಿಸಿ ವಕೀಲರ ಮುಂದಿಡುವ ನಮ್ಮ ಜನ, ಮಗುವಿನ ಇಡೀ ಬಾಳನ್ನು ಸಾಗಿಸುವಾಗ ಪಂಕ್ತಿಯಲ್ಲಿ ಕೇಳಿದ ಮಾತನ್ನು ನಂಬಿ ಹೊರಡುವುದು ನನಗೆ ಅತ್ಯಂತ ವ್ಯಥೆಯ ಸಂಗತಿ. ಸರದಿಯ ಪಟ್ಟಿಯನ್ನು ಅಮೆರಿಕೆಯ ಸರ್ಕಾರವು ಪ್ರತಿ ತಿಂಗಳೂ ವೀಸಾ ಬುಲೆಟಿನ್ ಎಂಬ ಹೆಸರಿನಲ್ಲಿ ಉಚಿತವಾಗಿ ಪ್ರಕಟಿಸುತ್ತದೆ. ಅದನ್ನೊಮ್ಮೆ ತೆರೆದು, ಮಗುವಿನ ಹುಟ್ಟಿದ ವರ್ಷವನ್ನು ಪಕ್ಕದಲ್ಲಿ ಬರೆದುಕೊಂಡು ಕಳೆಯುವ ಲೆಕ್ಕ ಮಾಡಲು ಒಂದು ಸಂಜೆಯೂ ಬೇಡ.

ಉಳಿದ ಭ್ರಮೆಗಳಿಗೆ ಒಂದೊಂದು ಮಾತು ಸಾಕು. ಡಾಲರಿನ ಸಂಬಳವನ್ನು ರೂಪಾಯಿಗೆ ಗುಣಿಸಿ ಹಿಗ್ಗುವವರು, ಶಿಶುವಿಹಾರದ ಶುಲ್ಕವನ್ನೂ ಮನೆ ಬಾಡಿಗೆಯನ್ನೂ ಡಾಲರಿನಲ್ಲಿಯೇ ತೆರಬೇಕೆಂಬುದನ್ನು ಮರೆಯುತ್ತಾರೆ. ಎಚ್-4 ಪಡೆದ ಪತ್ನಿ ಇಳಿದೊಡನೆ ಕೆಲಸಕ್ಕೆ ಸೇರಬಹುದೆಂಬುದು ಸುಳ್ಳು; 2015ರಿಂದ ಬಂದಿರುವ ಅನುಮತಿಯು ಸಾಮಾನ್ಯವಾಗಿ ಪತಿಯ ಗ್ರೀನ್ ಕಾರ್ಡಿಗಾಗಿ ಉದ್ಯೋಗದಾತನು ಹಾಕಿದ ಅರ್ಜಿ ಮಂಜೂರಾದ ಮೇಲಿನದು. ಪರದೇಶದ ಪೌರರಾದ ಭಾರತೀಯ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಓಸಿಐ ಕಾರ್ಡನ್ನು ಇಮ್ಮಡಿ ಪೌರತ್ವವೆಂದು ತಿಳಿಯುವುದೂ ತಪ್ಪು. ಅದುಳ್ಳವರಿಗೆ ಇಲ್ಲಿ ಮತದಾನದ ಹಕ್ಕಿಲ್ಲ. ನಿವೃತ್ತಿಯ ಕಾಲಕ್ಕೆ ತೀರ್ಥಹಳ್ಳಿಯ ಕಡೆ ಎರಡೆಕರೆ ಅಡಿಕೆ ತೋಟ ಕೊಳ್ಳುತ್ತೇವೆನ್ನುವವರು ಇನ್ನೂ ಒಂದನ್ನು ಅರಿತಿರಬೇಕು: ಪರದೇಶದಲ್ಲಿ ನೆಲೆಸಿರುವವರು, ಭಾರತೀಯ ಪೌರತ್ವವನ್ನು ಉಳಿಸಿಕೊಂಡವರಾದರೂ, ರಿಸರ್ವ್ ಬ್ಯಾಂಕಿನ ಅನುಮತಿಯಿಲ್ಲದೆ ಕೃಷಿಭೂಮಿಯನ್ನಾಗಲಿ ತೋಟವನ್ನಾಗಲಿ ಕ್ರಯಕ್ಕೆ ಪಡೆಯುವಂತಿಲ್ಲ.