ಬಾಡಿದ ಸೇಬು ಎಸೀಬೇಡಿ, ಮನೇಲೇ ಸೈಡರ್ ವಿನೆಗರ್ ಮಾಡಿ

ಅಂಗಡಿಯಲ್ಲಿ ಬಾಡಿ ಉಳಿದ ಸೇಬು, ಮನೆಯಲ್ಲಿ ಬಿಸಾಡೋ ಸಿಪ್ಪೆ, ಎರಡರಿಂದಲೂ ಕಡಿಮೆ ಖರ್ಚಲ್ಲಿ ಸೈಡರ್ ವಿನೆಗರ್ ಆಗುತ್ತೆ. ಕೊಳೆತದ್ದು ಮಾತ್ರ ಬೇಡ.

ಗಾಜಿನ ಜಾರ್‌ಗೆ ಮುಕ್ಕಾಲು ಭಾಗ ಹೋಳು ತುಂಬಿ. ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ 4 ದೊಡ್ಡ ಚಮಚ ಸಕ್ಕರೆ ಕರಗಿಸಿ, ಹೋಳು ಮುಳುಗುವಂತೆ ಸುರಿಯಿರಿ. ಬಟ್ಟೆ ಕಟ್ಟಿ, ದಿನಾ ಕಲಕಿ. ಮೊದಲು ಈಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತೆ. ಆಮೇಲೆ ಗಾಳಿ ಸಿಕ್ಕರೆ ಬ್ಯಾಕ್ಟೀರಿಯಾ ಅದನ್ನ ಹುಳಿ ಮಾಡುತ್ತೆ. ಮುಚ್ಚಳ ಬಿಗಿದರೆ ಗ್ಯಾಸ್ ತುಂಬಿ ಜಾರ್ ಒಡೆದೀತು, ಹುಷಾರು. 3 ವಾರಕ್ಕೆ ಸೋಸಿ, ಮತ್ತೆ 4 ವಾರ ಬಟ್ಟೆ ಕಟ್ಟಿಡಿ. ಬೂಷ್ಟು ಬಂದರೆ ಪೂರ್ತಿ ಚೆಲ್ಲಿ.

ಮಾರುವ ವಿನೆಗರ್‌ನಲ್ಲಿ ಕನಿಷ್ಠ ಶೇ 3.75 ಅಸಿಟಿಕ್ ಆಮ್ಲ ಇರಬೇಕು, ಎಫ್‌ಎಸ್‌ಎಸ್‌ಎಐ ನೋಂದಣಿಯೂ ಬೇಕು. ಮನೆಯದ್ದರ ಹುಳಿ ಎಷ್ಟಂತ ಅಳೆದಿರಲ್ಲ. ಸಲಾಡ್‌ಗೆ ಸಾಕು, ಉಪ್ಪಿನಕಾಯಿ ಕೆಡದಂತೆ ಇಡೋಕೆ ಇದನ್ನ ನಂಬಬೇಡಿ.